ಆಪರೇಷನ್ ಥಿಯೇಟರಿನ ಕರೆಂಟ್ ಚಾಕು: ಅಮ್ಮನಿಗೆ ಕೊಟ್ಟ ತಪ್ಪು ಉತ್ತರ

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯ್ತು. ಕಲ್ಲುಗಳಾಗಿದ್ದವು, ಲ್ಯಾಪ್ರೋಸ್ಕೋಪಿಯಲ್ಲಿ ತೆಗೆಯೋಣ ಅಂದಿದ್ದರು ಡಾಕ್ಟರು. ಬೆಳಗ್ಗೆ ಆರು ಗಂಟೆಗೇ ಒಬ್ಬ ಸಿಸ್ಟರ್ ಬಂದು, "ಅಮ್ಮ, ಬಳೆ, ಸರ, ಕಾಲುಂಗುರ ಎಲ್ಲಾ ತೆಗೆದುಕೊಡಿ" ಅಂದರು. ಬಳೆ ಬಂತು, ಸರ ಬಂತು. ಒಂದು ಕಾಲುಂಗುರ ಸೋಪು ನೀರು ಹಾಕಿ ತಿರುಗಿಸಿದ ಮೇಲೆ ಬಂತು. ಇನ್ನೊಂದು ಏನು ಮಾಡಿದರೂ ಬರಲಿಲ್ಲ.

"ಮದುವೆ ಆದಾಗಿಂದ ತೆಗೆದಿಲ್ಲ ಸಿಸ್ಟರ್, ಇರಲಿ ಬಿಡಿ" ಅಂದರು ಅಮ್ಮ.

"ಇಲ್ಲ ಅಮ್ಮ, ಒಳಗೆ ಕರೆಂಟ್ ಬಳಸ್ತಾರೆ."

ಅಷ್ಟು ಕೇಳಿದ್ದೇ ಅಮ್ಮನ ಮುಖ ಸಣ್ಣಗಾಯ್ತು. ನನ್ನ ಕಡೆ ತಿರುಗಿ, "ಕರೆಂಟಾ? ನೀನು ಎಲೆಕ್ಟ್ರಿಕಲ್ ಓದ್ತಿದೀಯಲ್ಲ, ಏನೋ ಅದು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆದರೂ ಎಂಜಿನಿಯರ್ ಗತ್ತಿನಲ್ಲಿ, "ಏನಿಲ್ಲಮ್ಮ, ತುಂಬಾ ಚಿಕ್ಕ ಕರೆಂಟು, ಬ್ಯಾಟರಿ ಥರ" ಅಂದುಬಿಟ್ಟೆ. ಸಿಸ್ಟರ್ ಬಾರದ ಉಂಗುರದ ಮೇಲೆ ಬಿಳಿ ಟೇಪು ಸುತ್ತಿ ಸ್ಟ್ರೆಚರ್ ತಳ್ಳಿಕೊಂಡು ಹೋದರು.

ಆಪರೇಷನ್ ಚೆನ್ನಾಗಿ ಆಯ್ತು, ಅಮ್ಮ ಈಗ ಆರಾಮಾಗಿದ್ದಾರೆ. ಆದರೆ ಕಾಲೇಜಿಗೆ ವಾಪಸ್ ಬಂದಮೇಲೆ ಇದರ ಬಗ್ಗೆ ಓದಿದೆ, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸರ್ ಹತ್ತಿರ ಕೂತು ಕೇಳಿದೆ. ಆಗ ಗೊತ್ತಾಯ್ತು, ನಾನು ಹೇಳಿದ್ದು ಪೂರ್ತಿ ತಪ್ಪು. ಅದು ಚಿಕ್ಕ ಕರೆಂಟ್ ಅಲ್ಲ. ಮನೆಯ ಸಾಕೆಟ್ಟಿನಿಂದ ಅಷ್ಟು ಕರೆಂಟ್ ಮೈಮೇಲೆ ಹರಿದರೆ ಜೀವ ಹೋಗಬಹುದು. ಹಾಗಾದರೆ ಅಮ್ಮನಿಗೆ ಯಾಕೆ ಏನೂ ಆಗಲಿಲ್ಲ? ಈ ಲೇಖನ ಅದಕ್ಕೆ ಉತ್ತರ. ಸೆಕೆಂಡ್ ಇಯರ್‌ವರೆಗೆ ನಾವು ಓದಿರುವ ಓಮ್ಸ್ ಲಾ, ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರ್ ಇಷ್ಟರಲ್ಲೇ ಎಲ್ಲಾ ಅರ್ಥ ಆಗತ್ತೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡ ಅಲ್ಲಲ್ಲಿ ಎಡವಿದರೆ ಕ್ಷಮಿಸಿ.

ಮೊದಲು ಹೆಸರಿನ ಗೊಂದಲ

ಆಸ್ಪತ್ರೆಯಲ್ಲಿ ಈ ಮಷಿನ್ನಿಗೆ ಎಲ್ಲರೂ "ಕಾಟರಿ" ಅಂತಾರೆ. ಕೆಲವರು "ಡಯಾಥರ್ಮಿ" ಅಂತಾರೆ. ನಿಜವಾದ ಕಾಟರಿ ಅಂದರೆ ಕಾಯಿಸಿದ ಲೋಹವನ್ನು ಗಾಯಕ್ಕೆ ಒತ್ತಿ ಸುಡುವುದು. ಹಿಂದಿನ ಕಾಲದಲ್ಲಿ ರಕ್ತ ನಿಲ್ಲಿಸಲು ಕೆಂಪಗೆ ಕಾದ ಕಬ್ಬಿಣ ಇಡುತ್ತಿದ್ದರು. ಅಲ್ಲಿ ಬಿಸಿಯಾಗುವುದು ಕಬ್ಬಿಣ. ಅದರ ಬಿಸಿ ಮೈಗೆ ತಗಲುತ್ತದೆ.

ಎಲೆಕ್ಟ್ರೋಸರ್ಜರಿಯಲ್ಲಿ ಹಾಗಲ್ಲ. ಸರ್ಜನ್ ಕೈಯಲ್ಲಿರುವ ಪೆನ್ನಿನಂಥ ಸಾಧನದ ತುದಿಗೆ ತನ್ನದೇ ಆದ ಹೀಟರ್ ಇಲ್ಲ. ಕರೆಂಟ್ ರೋಗಿಯ ದೇಹದೊಳಗೇ ಹರಿಯುತ್ತದೆ, ಬಿಸಿ ಹುಟ್ಟುವುದು ಮಾಂಸದಲ್ಲೇ. ಅಂದರೆ ರೋಗಿ ಸರ್ಕ್ಯೂಟಿನ ಹೊರಗಿಲ್ಲ, ಸರ್ಕ್ಯೂಟಿನ ಒಂದು ರೆಸಿಸ್ಟರ್ ಆಗಿಬಿಟ್ಟಿದ್ದಾರೆ. ಕಾಯಿಲ್ ಹೀಟರ್‌ನಲ್ಲಿ ಕಾಯಿಲ್ ಕೆಂಪಾಗುತ್ತಲ್ಲ, ಆ ಕಾಯಿಲ್ ಜಾಗದಲ್ಲಿ ಇಲ್ಲಿ ನಮ್ಮ ಅಮ್ಮ ಇದ್ದರು. ಇದನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಭಯವೇ ಆಯ್ತು.

ಸರ್ಕ್ಯೂಟ್ ಹೀಗಿದೆ: ಜನರೇಟರ್, ಅದರಿಂದ ಒಂದು ವೈರು, ಸರ್ಜನ್ ಕೈಯ ಪೆನ್ಸಿಲ್, ಅದರ ತುದಿ, ರೋಗಿಯ ದೇಹ, ತೊಡೆಗೆ ಅಂಟಿಸಿದ ಒಂದು ಅಗಲವಾದ ಪ್ಲೇಟ್, ಅಲ್ಲಿಂದ ವಾಪಸ್ ಜನರೇಟರ್. ಸುತ್ತು ಪೂರ್ತಿಯಾಗಲೇಬೇಕು. ಇದು ನಮಗೆಲ್ಲ ಗೊತ್ತಿರೋ ವಿಷಯವೇ.

ಶಾಕ್ ಯಾಕೆ ಹೊಡೆಯಲ್ಲ?

ಒಂದು ಸಣ್ಣ ಲೆಕ್ಕ ಮಾಡೋಣ. ಜನರೇಟರನ್ನು 36 ವ್ಯಾಟ್‌ಗೆ ಇಟ್ಟಿದ್ದಾರೆ, ಸರ್ಕ್ಯೂಟಿನ ರೆಸಿಸ್ಟೆನ್ಸ್ 400 ಓಮ್ ಇದೆ ಅಂದುಕೊಳ್ಳಿ. ಪವರ್ ಅಂದರೆ ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. 36ನ್ನು 400ರಿಂದ ಭಾಗಿಸಿದರೆ 0.09. ಅದರ ವರ್ಗಮೂಲ 0.3. ಅಂದರೆ 300 ಮಿಲಿಆಂಪಿಯರ್.

ನಮ್ಮ ಮನೆಯ 50 ಹರ್ಟ್ಜ್ ಕರೆಂಟ್ ಸುಮಾರು 100 ಮಿಲಿಆಂಪಿಯರ್ ಎದೆಯ ಮೂಲಕ ಹಾದುಹೋದರೆ ಹೃದಯದ ಲಯ ತಪ್ಪಿ ಸಾವು ಬರಬಹುದು. ಇಲ್ಲಿ ಅದರ ಮೂರು ಪಟ್ಟು ಹರಿಯುತ್ತಿದೆ. ಆದರೂ ಹೃದಯ ತನ್ನ ಪಾಡಿಗೆ ತಾನು ಬಡಿದುಕೊಂಡಿರತ್ತೆ. ಕಾರಣ ಫ್ರೀಕ್ವೆನ್ಸಿ.

ನರ ಮತ್ತು ಸ್ನಾಯುಗಳ ಜೀವಕೋಶಗಳಿಗೆ ಒಂದು ಪೊರೆ ಇದೆ. ಅದರ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿವೆ. ಹೊರಗಿನಿಂದ ಕರೆಂಟ್ ಬಂದು ಪೊರೆಯ ವೋಲ್ಟೇಜನ್ನು ಸಾಕಷ್ಟು ಹೊತ್ತು ಒಂದೇ ದಿಕ್ಕಿಗೆ ತಳ್ಳಿದರೆ ಬಾಗಿಲು ತೆರೆದು ನರ "ಫೈರ್" ಆಗತ್ತೆ. ಅದೇ ಶಾಕ್. ಇಲ್ಲಿ "ಸಾಕಷ್ಟು ಹೊತ್ತು" ಅನ್ನೋದೇ ಮುಖ್ಯ. 50 ಹರ್ಟ್ಜ್‌ನಲ್ಲಿ ಅರ್ಧ ಸೈಕಲ್ 10 ಮಿಲಿಸೆಕೆಂಡ್. ನರಕ್ಕೆ ಅಷ್ಟು ಹೊತ್ತು ಧಾರಾಳ. ಎಲೆಕ್ಟ್ರೋಸರ್ಜರಿ ಮಷಿನ್ ಕೆಲಸ ಮಾಡುವುದು ಹೆಚ್ಚಾಗಿ 300ರಿಂದ 500 ಕಿಲೋಹರ್ಟ್ಜ್‌ನಲ್ಲಿ. 400 ಕಿಲೋಹರ್ಟ್ಜ್ ಅಂತ ಇಟ್ಟುಕೊಂಡರೆ ಅರ್ಧ ಸೈಕಲ್ 1.25 ಮೈಕ್ರೋಸೆಕೆಂಡ್. ಬಾಗಿಲು ತಟ್ಟಿದವನು ಒಳಗಿನವರು ಎದ್ದು ಬರೋ ಮುಂಚೆ ಓಡಿಹೋದ ಹಾಗೆ. ಅಯಾನುಗಳು ನಿಂತಲ್ಲೇ ಆಚೆ ಈಚೆ ಅಲುಗಾಡುತ್ತವೆ, ಅಷ್ಟೇ. ನರಕ್ಕೆ ಸುದ್ದಿ ಮುಟ್ಟಲ್ಲ. ಆದರೆ ಆ ಅಲುಗಾಟದ ತಿಕ್ಕಾಟದಿಂದ ಬಿಸಿ ಹುಟ್ಟುತ್ತದೆ.

ಈ ಫ್ರೀಕ್ವೆನ್ಸಿ ಎಷ್ಟು ಅನ್ನೋದಕ್ಕೆ ಒಂದು ಹೋಲಿಕೆ ಕೊಡ್ತೀನಿ. ಬೆಂಗಳೂರು ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್, ಧಾರವಾಡ 765 ಕಿಲೋಹರ್ಟ್ಜ್. ಸರ್ಜನ್ ಕೈಯ ಕರೆಂಟ್ ರೇಡಿಯೋ ಸ್ಟೇಷನ್ನುಗಳ ಪಕ್ಕದ ಮನೆಯಲ್ಲೇ ಇದೆ. ಅದಕ್ಕೇ ಪುಸ್ತಕಗಳಲ್ಲಿ ಇದನ್ನು ರೇಡಿಯೋ ಫ್ರೀಕ್ವೆನ್ಸಿ ಕರೆಂಟ್ ಅಂತಲೇ ಕರೀತಾರೆ.

ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ವಿಜ್ಞಾನಿ ಡಾರ್ಸನ್‌ವಾಲ್, 1890ರ ದಶಕದಲ್ಲಿ. ಸುಮಾರು 10,000 ಹರ್ಟ್ಜ್ ದಾಟಿದ ಮೇಲೆ ಕರೆಂಟ್ ಸ್ನಾಯುವನ್ನು ಸೆಳೆಯುವುದಿಲ್ಲ, ಬರೀ ಬಿಸಿ ಮಾಡುತ್ತದೆ ಅಂತ ಅವರು ಕಂಡುಕೊಂಡರು. ಲ್ಯಾಬಿನಲ್ಲಿ ನಾವು ಬಳಸಿದ ಗ್ಯಾಲ್ವನೋಮೀಟರಿನ ಹೆಸರಲ್ಲೂ ಇದೇ ಡಾರ್ಸನ್‌ವಾಲ್ ಇದ್ದಾರೆ.

ಒಂದೇ ಕರೆಂಟ್, ಒಂದು ಕಡೆ ಚಾಕು, ಇನ್ನೊಂದು ಕಡೆ ಏನೂ ಇಲ್ಲ

ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಇದು. ಸೀರೀಸ್ ಸರ್ಕ್ಯೂಟಿನಲ್ಲಿ ಎಲ್ಲಾ ಕಡೆ ಕರೆಂಟ್ ಒಂದೇ. ಪೆನ್ಸಿಲ್ ತುದಿಯಿಂದ 300 ಮಿಲಿಆಂಪಿಯರ್ ಒಳಗೆ ಹೋದರೆ ತೊಡೆಯ ಪ್ಲೇಟಿನಿಂದ ಅಷ್ಟೇ 300 ಮಿಲಿಆಂಪಿಯರ್ ಹೊರಗೆ ಬರಬೇಕು. ಹಾಗಿದ್ದರೆ ಹೊಟ್ಟೆಯೊಳಗೆ ಮಾಂಸ ಕತ್ತರಿಸುವ ಕರೆಂಟ್ ತೊಡೆಯನ್ನು ಯಾಕೆ ಸುಡಲ್ಲ?

ಉತ್ತರ: ವಿಸ್ತೀರ್ಣ. ಬಿಸಿ ನಿರ್ಧಾರ ಆಗೋದು ಬರೀ ಕರೆಂಟಿನಿಂದಲ್ಲ, ಕರೆಂಟ್ ಸಾಂದ್ರತೆಯಿಂದ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕರೆಂಟ್ ಅನ್ನೋದು. ಅದೂ ಅಲ್ಲದೆ, ಒಂದು ಜಾಗದಲ್ಲಿ ಹುಟ್ಟುವ ಬಿಸಿ ಈ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಪೆನ್ಸಿಲ್ ತುದಿ ಮಾಂಸಕ್ಕೆ ತಾಗುವ ಜಾಗ 0.05 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಪ್ಲೇಟಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಎರಡರ ಅನುಪಾತ 2000. ಅಂದರೆ ತುದಿಯಲ್ಲಿ ಕರೆಂಟ್ ಸಾಂದ್ರತೆ ಪ್ಲೇಟಿಗಿಂತ 2000 ಪಟ್ಟು ಹೆಚ್ಚು. ಬಿಸಿ ಅದರ ವರ್ಗ, ಅಂದರೆ 40 ಲಕ್ಷ ಪಟ್ಟು! ಒಂದೇ ಕರೆಂಟ್, ಒಂದೇ ದೇಹ, ಆದರೆ ಒಂದು ತುದಿಯಲ್ಲಿ ನಡೆಯುವುದಕ್ಕೂ ಇನ್ನೊಂದು ತುದಿಯಲ್ಲಿ ನಡೆಯುವುದಕ್ಕೂ 40 ಲಕ್ಷ ಪಟ್ಟು ವ್ಯತ್ಯಾಸ. ಹೀಲ್ಸ್ ಹಾಕಿದವರು ಕಾಲು ತುಳಿದರೆ ಪ್ರಾಣ ಹೋದಂತಾಗತ್ತೆ, ಅದೇ ತೂಕದವರು ಚಪ್ಪಟೆ ಚಪ್ಪಲಿಯಲ್ಲಿ ತುಳಿದರೆ ಅಷ್ಟಿಲ್ಲ. ಲಾಜಿಕ್ ಅದೇ, ಇಲ್ಲಿ ವರ್ಗ ಬೇರೆ ಸೇರಿಕೊಂಡಿದೆ.

ಆದ್ದರಿಂದ ಈ ಸಾಧನದಲ್ಲಿ "ಚಾಕು" ಅನ್ನೋದು ತುದಿಯ ಹರಿತ ಅಲ್ಲ, ತುದಿಯ ಚಿಕ್ಕತನ. ಪ್ಲೇಟಿನ ಸುರಕ್ಷತೆ ಅನ್ನೋದು ಅದರ ಅಗಲ. ಇವೆರಡೂ ಒಂದೇ ಸೂತ್ರದ ಎರಡು ತುದಿಗಳು. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹಳದಿ ಬಟನ್, ನೀಲಿ ಬಟನ್

ಪೆನ್ಸಿಲ್ ಮೇಲೆ ಎರಡು ಬಟನ್ ಇರುತ್ತವೆ. ಹಳದಿ ಒತ್ತಿದರೆ ಕಟ್, ನೀಲಿ ಒತ್ತಿದರೆ ಕೋಆಗ್, ಅಂದರೆ ರಕ್ತ ಹೆಪ್ಪುಗಟ್ಟಿಸುವುದು. ಕಾಲಿನ ಪೆಡಲ್‌ಗಳಲ್ಲೂ ಇದೇ ಬಣ್ಣ. ತುದಿ ಅದೇ, ಫ್ರೀಕ್ವೆನ್ಸಿಯೂ ಹೆಚ್ಚುಕಮ್ಮಿ ಅದೇ. ಬದಲಾಗುವುದು ವೇವ್‌ಫಾರ್ಮ್.

ಅದಕ್ಕೆ ಮುಂಚೆ ಬಿಸಿಯಾದರೆ ಮಾಂಸಕ್ಕೆ ಏನಾಗತ್ತೆ ಅಂತ ನೋಡೋಣ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರೋಟೀನ್ ಗಟ್ಟಿಯಾಗುತ್ತದೆ, ಮೊಟ್ಟೆಯ ಲೋಳೆ ಬಾಣಲೆಯಲ್ಲಿ ಬೆಳ್ಳಗಾಗುವ ಹಾಗೆ. ಇನ್ನೂ ಮೇಲೆ ಹೋದರೆ ನೀರು ಆರಿ ಒಣಗುತ್ತದೆ. 100 ಡಿಗ್ರಿಗೆ ಬೇಗ ಏರಿಬಿಟ್ಟರೆ ಜೀವಕೋಶದೊಳಗಿನ ನೀರು ಆವಿಯಾಗಿ ಕೋಶವೇ ಸಿಡಿಯುತ್ತದೆ. ನಾಗರ ಪಂಚಮಿಗೆ ಜೋಳದ ಅರಳು ಹುರಿಯುವುದನ್ನು ನೋಡಿದ್ದೀರಲ್ಲ? ಕಾಳಿನೊಳಗಿನ ತೇವ ಆವಿಯಾಗಿ ಜಾಗ ಸಾಲದೆ ಪಟ್ ಅಂತ ಸಿಡಿಯತ್ತೆ. ಹಾಗೇ. 200 ಡಿಗ್ರಿ ದಾಟಿದರೆ ಕರಕಲು.

ಕಟ್ ಮೋಡ್‌ನಲ್ಲಿ ಸೈನ್ ವೇವ್ ಬಿಡುವಿಲ್ಲದೆ ಹರಿಯುತ್ತದೆ. ಸರ್ಜನ್ ತುದಿಯನ್ನು ಮಾಂಸಕ್ಕೆ ಒತ್ತುವುದಿಲ್ಲ, ಕೂದಲೆಳೆಯಷ್ಟು ಮೇಲೆ ಹಿಡಿದು ಸಾಗುತ್ತಾರೆ. ಮಧ್ಯದ ಸಂದಿಯಲ್ಲಿ ಸಣ್ಣ ಸಣ್ಣ ಕಿಡಿಗಳು. ಬಿಸಿ ಕ್ಷಣದಲ್ಲಿ ಏರಿ ಮುಂದಿನ ಸಾಲು ಕೋಶಗಳು ಸಿಡಿದು ದಾರಿ ಬಿಡುತ್ತವೆ. ಬಿಸಿ ಪಕ್ಕಕ್ಕೆ ಹರಡಲು ಸಮಯ ಸಿಗುವುದಿಲ್ಲ, ಹಾಗಾಗಿ ಗಾಯ ನೀಟಾಗಿರುತ್ತದೆ, ಆದರೆ ರಕ್ತ ಅಷ್ಟಾಗಿ ನಿಲ್ಲುವುದಿಲ್ಲ.

ಕೋಆಗ್ ಮೋಡ್‌ನಲ್ಲಿ ಕರೆಂಟ್ ತುಂಡು ತುಂಡಾಗಿ ಬರುತ್ತದೆ. ಒಂದು ಸಾಮಾನ್ಯ ಮಷಿನ್ನಿನಲ್ಲಿ ಒಟ್ಟು ಸಮಯದ ಸುಮಾರು 6 ಶೇಕಡಾ ಮಾತ್ರ ಆನ್, ಉಳಿದ 94 ಶೇಕಡಾ ಆಫ್. ನಮ್ಮ ಭಾಷೆಯಲ್ಲಿ ಡ್ಯೂಟಿ ಸೈಕಲ್ 6 ಪರ್ಸೆಂಟ್. ಆಫ್ ಇರುವಾಗ ಕೋಶ ಸ್ವಲ್ಪ ತಣ್ಣಗಾಗುತ್ತದೆ, ಸಿಡಿಯುವುದಿಲ್ಲ, ನಿಧಾನವಾಗಿ ಒಣಗಿ ಗಟ್ಟಿಯಾಗಿ ರಕ್ತನಾಳದ ಬಾಯಿ ಮುಚ್ಚುತ್ತದೆ. ಆದರೆ ಸರಾಸರಿ ಪವರ್ ಅಷ್ಟೇ ಇರಬೇಕು ಅಂದರೆ ಆನ್ ಇರುವ ಚೂರು ಸಮಯದಲ್ಲಿ ಜಾಸ್ತಿ ತಳ್ಳಬೇಕಲ್ಲ? ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ವೋಲ್ಟೇಜ್ ಒಂದು ಭಾಗಿಸು 0.06 ಇದರ ವರ್ಗಮೂಲದಷ್ಟು, ಅಂದರೆ ಸುಮಾರು 4 ಪಟ್ಟು ಏರಬೇಕು. ಅದಕ್ಕೇ ಒಂದೇ ಪವರ್‌ನಲ್ಲಿ ಕಟ್‌ಗಿಂತ ಕೋಆಗ್ ವೋಲ್ಟೇಜ್ ಹೆಚ್ಚು. ತುದಿ ಯಾವುದನ್ನೂ ತಾಗದೆ ಗಾಳಿಯಲ್ಲಿರುವಾಗ ಇದರ ಪೀಕ್ ಹಲವು ಸಾವಿರ ವೋಲ್ಟ್ ಇರುತ್ತದೆ. "ಬ್ಯಾಟರಿ ಥರ" ಅಂದಿದ್ದೆನಲ್ಲ ನಾನು!

ಇವೆರಡರ ಮಧ್ಯದ್ದು ಬ್ಲೆಂಡ್. ಹೆಸರು ಕೇಳಿದರೆ ಎರಡು ಕರೆಂಟ್ ಬೆರೆಸಿದ ಹಾಗೆ ಅನ್ಸತ್ತೆ. ಹಾಗೇನಿಲ್ಲ, ಡ್ಯೂಟಿ ಸೈಕಲ್ ಮಧ್ಯದಲ್ಲಿ ಎಲ್ಲೋ ಇರುತ್ತದೆ, ಅಷ್ಟೇ.

ನಮ್ಮ ಲ್ಯಾಬಿನಲ್ಲಿ ಒಂದು ಹಳೆಯ ಮಷಿನ್ ಇದೆ. ಸರ್ ಪ್ಲೇಟಿನ ಮೇಲೆ ಕೋಳಿ ಮಾಂಸದ ತುಂಡು ಇಟ್ಟು ತೋರಿಸಿದರು. ಹಳದಿಯಲ್ಲಿ ಬೆಣ್ಣೆ ಸೀಳಿದ ಹಾಗೆ ತೆಳುವಾದ ಗೆರೆ. ನೀಲಿಯಲ್ಲಿ ಚಟಚಟ ಸದ್ದು, ಬಿಳಿ ಕಲೆ, ಆಮೇಲೆ ಕಪ್ಪು. ಜೊತೆಗೆ ವಾಸನೆ, ಆ ದಿನ ಮೆಸ್ಸಿನ ಚಿಕನ್ ನನಗೆ ಇಳಿಯಲಿಲ್ಲ. ದಯವಿಟ್ಟು ಹಾಸ್ಟೆಲ್ಲಿನಲ್ಲಿ ಟ್ರಾನ್ಸ್‌ಫಾರ್ಮರ್ ಹಿಡಿದುಕೊಂಡು ಯಾರೂ ಇದನ್ನು ಟ್ರೈ ಮಾಡಬೇಡಿ.

ಬಾಸ್ಟನ್, 1926

ಈ ಮಷಿನ್ನಿಗೆ ಇನ್ನೊಂದು ಅಡ್ಡಹೆಸರಿದೆ: "ಬೋವೀ". ಅದು ವಿಲಿಯಂ ಟಿ. ಬೋವೀ ಅವರಿಂದ ಬಂದದ್ದು. ಅವರು ವೈದ್ಯರಲ್ಲ. ಸಸ್ಯಗಳ ಶರೀರಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಮತ್ತು ಜೀವಶಾಸ್ತ್ರ ಸೇರುವ ಕಡೆ ಕೆಲಸ ಮಾಡುತ್ತಿದ್ದರು. ಅದೇ ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಹಾರ್ವೆ ಕುಷಿಂಗ್ ಎಂಬ ದೊಡ್ಡ ನರಶಸ್ತ್ರಚಿಕಿತ್ಸಕರಿದ್ದರು. ಮೆದುಳಿನ ಆಪರೇಷನ್‌ನಲ್ಲಿ ಅವರ ದೊಡ್ಡ ಶತ್ರು ರಕ್ತಸ್ರಾವ. ಮೆದುಳಿನ ಒಳಗಿನ ಸಣ್ಣ ನಾಳಗಳನ್ನು ದಾರ ಕಟ್ಟಿ ನಿಲ್ಲಿಸೋದು ಕಷ್ಟ.

ಒಬ್ಬ ರೋಗಿಯ ತಲೆಯ ಗಡ್ಡೆ ತೆಗೆಯಲು ಹೋಗಿ ರಕ್ತ ನಿಲ್ಲದೆ ಕುಷಿಂಗ್ ಆಪರೇಷನ್ ಅರ್ಧಕ್ಕೇ ಬಿಟ್ಟಿದ್ದರು. ಕೆಲವೇ ದಿನಗಳಾದ ಮೇಲೆ, 1926ರ ಅಕ್ಟೋಬರ್ 1ರಂದು, ಬೋವೀ ತಮ್ಮ ಯಂತ್ರವನ್ನು ತಂದು ಪಕ್ಕದಲ್ಲಿ ನಿಂತರು. ಈ ಸಲ ಗಡ್ಡೆ ಹೊರಗೆ ಬಂತು. ಆಮೇಲೆ ಕುಷಿಂಗ್ ಹಿಂದೆ ಕೈಬಿಟ್ಟಿದ್ದ ರೋಗಿಗಳನ್ನೂ ವಾಪಸ್ ಕರೆಸಿ ಆಪರೇಷನ್ ಮಾಡಿದರು. ಕರೆಂಟಿನಿಂದ ಮಾಂಸ ಸುಡುವ ಪ್ರಯೋಗ ಅವರಿಗಿಂತ ಮುಂಚೆಯೂ ಬೇರೆಯವರು ಮಾಡಿದ್ದರು. ಆದರೆ ಎಲ್ಲಾ ಆಪರೇಷನ್ ಥಿಯೇಟರುಗಳ ಬಾಗಿಲು ತೆರೆದದ್ದು ಈ ಜೋಡಿ. ಬೋವೀ ತಮ್ಮ ಪೇಟೆಂಟನ್ನು ಮಾರಿದ್ದು ಒಂದು ಡಾಲರಿಗೆ. ನಮ್ಮಲ್ಲಿ ಸ್ಟಾರ್ಟಪ್ ಕನಸು ಕಾಣುವವರು ಇದನ್ನು ಗಮನಿಸಬೇಕಾಗಿ ವಿನಂತಿ.

ಪ್ಲೇಟ್ ಕೈಕೊಟ್ಟರೆ

ಈಗ ಕಾಲುಂಗುರದ ವಿಷಯಕ್ಕೆ ಬರೋಣ.

ಹಳೆಯ ಕಾಲದ ಮಷಿನ್ನುಗಳಲ್ಲಿ ಪ್ಲೇಟಿನ ಕಡೆಯ ವೈರನ್ನು ಅರ್ಥ್‌ಗೆ ಜೋಡಿಸಿರುತ್ತಿದ್ದರು. ಅದರ ಅರ್ಥ ಏನು? ಕರೆಂಟಿಗೆ ವಾಪಸ್ ಹೋಗಲು ಪ್ಲೇಟೇ ಆಗಬೇಕು ಅಂತಿಲ್ಲ, ಅರ್ಥ್ ಮುಟ್ಟುವ ಯಾವ ದಾರಿಯಾದರೂ ಸರಿ. ರೋಗಿಯ ಕೈ ಕಬ್ಬಿಣದ ಟೇಬಲ್‌ಗೆ ತಾಗಿದ್ದರೆ ಅಲ್ಲಿಂದ ಹೋಗಬಹುದು, ಎದೆಗೆ ಅಂಟಿಸಿದ ಈಸಿಜಿ ಸ್ಟಿಕ್ಕರಿನಿಂದ ಹೋಗಬಹುದು. ಆ ಜಾಗ ಚಿಕ್ಕದಾಗಿದ್ದರೆ? ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಚಿಕ್ಕ ಜಾಗ ಅಂದರೆ ಚಾಕು. ರೋಗಿಗೆ ಅರಿವಳಿಕೆ ಕೊಟ್ಟಿರುತ್ತಾರೆ, ಉರಿ ಅಂತ ಕೂಗುವ ಹಾಗಿಲ್ಲ. ಬಟ್ಟೆ ಮುಚ್ಚಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಚ್ಚರ ಆದಮೇಲೆ ಸುಟ್ಟ ಗಾಯ ಕಾಣುತ್ತದೆ, ಅದೂ ಆಪರೇಷನ್ ಆದ ಜಾಗದಲ್ಲಲ್ಲ, ಎಲ್ಲೋ ಬೇರೆ ಕಡೆ.

ಕಾಲುಂಗುರ ಕರೆಂಟನ್ನು ಆಯಸ್ಕಾಂತದ ಹಾಗೆ ಎಳೆದುಕೊಳ್ಳುತ್ತದೆ ಅನ್ನೋದು ತಪ್ಪು ಕಲ್ಪನೆ. ಅಮ್ಮನ ವಿಷಯದಲ್ಲಿ ಹೊಟ್ಟೆಯಿಂದ ತೊಡೆಯ ಪ್ಲೇಟಿಗೆ ಹೋಗುವ ದಾರಿಯಲ್ಲಿ ಪಾದ ಬರುವುದೇ ಇಲ್ಲ. ಅಪಾಯ ಇರುವುದು ಆ ಲೋಹ ಟೇಬಲ್ಲಿನ ಲೋಹಕ್ಕೆ ತಾಗಿ ಒಂದು ಸಣ್ಣ, ಬೇಡದ ದಾರಿ ಮಾಡಿಕೊಟ್ಟರೆ. ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತೆ, ಒಡವೆ ಕಳೆದುಹೋಗಬಹುದು, ಕೊಳೆ ಕೂತಿರುತ್ತದೆ ಅನ್ನೋ ಕಾರಣಗಳೂ ಇವೆ. ಎಲ್ಲಾ ಸೇರಿ "ತೆಗೆದುಬಿಡಿ" ಅನ್ನೋದೇ ಸುಲಭದ ನಿಯಮ. ಬಾರದೇ ಇದ್ದಾಗ ಸಿಸ್ಟರ್ ಟೇಪ್ ಸುತ್ತಿದ್ದು ಲೋಹಕ್ಕೆ ಲೋಹ ತಾಗದಿರಲಿ, ಉಂಗುರ ಜಾರದಿರಲಿ ಅಂತ.

ಎಂಜಿನಿಯರುಗಳು ಈ ಅಪಾಯಕ್ಕೆ ಎರಡು ಪರಿಹಾರ ಕಂಡುಹಿಡಿದರು. ಎರಡೂ ನನಗೆ ತುಂಬಾ ಇಷ್ಟವಾದವು.

ಮೊದಲನೆಯದು ಐಸೊಲೇಷನ್. ಔಟ್‌ಪುಟ್‌ಗೆ ಒಂದು ಟ್ರಾನ್ಸ್‌ಫಾರ್ಮರ್ ಹಾಕಿ ಸೆಕೆಂಡರಿಯನ್ನು ಅರ್ಥ್‌ನಿಂದ ಪೂರ್ತಿ ಬೇರೆ ಮಾಡುವುದು. ಆಗ ಕರೆಂಟ್ ಹುಡುಕುವುದು ಅರ್ಥ್ ಅಲ್ಲ, ತಾನು ಹೊರಟ ಸೆಕೆಂಡರಿಯ ಇನ್ನೊಂದು ತುದಿಯನ್ನು. ಅಲ್ಲಿಗೆ ಇರುವ ದಾರಿ ಪ್ಲೇಟ್ ಒಂದೇ. ಪ್ಲೇಟ್ ಬಿಟ್ಟುಹೋದರೆ ಸರ್ಕ್ಯೂಟ್ ಕಟ್. ಇಷ್ಟು ಫ್ರೀಕ್ವೆನ್ಸಿಯಲ್ಲಿ ಅಲ್ಲಿ ಇಲ್ಲಿ ಸಣ್ಣ ಕೆಪ್ಯಾಸಿಟೆನ್ಸ್ ಇದ್ದೇ ಇರುವುದರಿಂದ ಸ್ವಲ್ಪ ಸೋರಿಕೆ ಇರುತ್ತದೆ, ಆದರೂ ಅಪಾಯ ತುಂಬಾ ಕಡಿಮೆಯಾಯಿತು.

ಆದರೆ ಪ್ಲೇಟ್ ಪೂರ್ತಿ ಬಿಡದೆ ಅರ್ಧಂಬರ್ಧ ಕಿತ್ತುಕೊಂಡರೆ? ಸರ್ಕ್ಯೂಟ್ ಇನ್ನೂ ಇದೆ, ಕರೆಂಟ್ ಹರಿಯುತ್ತಿದೆ. 100 ಚದರ ಸೆಂಟಿಮೀಟರ್‌ನಲ್ಲಿ ಬರೀ 1 ಚದರ ಸೆಂಟಿಮೀಟರ್ ಅಂಟಿಕೊಂಡಿದೆ ಅಂದುಕೊಳ್ಳಿ. ಕರೆಂಟ್ ಅಷ್ಟೇ ಇದ್ದರೆ ಸಾಂದ್ರತೆ 100 ಪಟ್ಟು, ಬಿಸಿ 10,000 ಪಟ್ಟು. ಕಾಯುವ ಪ್ಲೇಟೇ ಸುಡುವ ಪ್ಲೇಟ್ ಆಗುತ್ತದೆ.

ಅದಕ್ಕೆ ಎರಡನೆಯ ಪರಿಹಾರ: ಪ್ಲೇಟನ್ನು ಮಧ್ಯದಲ್ಲಿ ಸೀಳಿ ಎರಡು ಹೋಳು ಮಾಡಿದರು. ಮಷಿನ್ ಒಂದು ಹೋಳಿನಿಂದ ಇನ್ನೊಂದು ಹೋಳಿಗೆ ಚರ್ಮದ ಮೂಲಕ ತೀರಾ ಸಣ್ಣ ಪರೀಕ್ಷೆಯ ಕರೆಂಟ್ ಕಳಿಸಿ ಇಂಪೀಡೆನ್ಸ್ ಅಳೆಯುತ್ತಲೇ ಇರುತ್ತದೆ. ಚೆನ್ನಾಗಿ ಅಂಟಿದ್ದರೆ ಇಂಪೀಡೆನ್ಸ್ ಕಡಿಮೆ. ಕಿತ್ತುಕೊಳ್ಳಲು ಶುರುವಾದರೆ ಏರುತ್ತದೆ. ಮಿತಿ ದಾಟಿದ ಕೂಡಲೇ ಅಲಾರಾಂ, ಔಟ್‌ಪುಟ್ ಬಂದ್. ಯಾವ ಹೊಸ ಸೆನ್ಸರೂ ಬೇಕಾಗಲಿಲ್ಲ. ಪ್ಲೇಟನ್ನೇ ಸೆನ್ಸರ್ ಮಾಡಿಕೊಂಡರು. ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಎಲ್ಲದಕ್ಕೂ ಒಂದೊಂದು ಮಾಡ್ಯೂಲ್ ಆರ್ಡರ್ ಮಾಡುವ ನಾನು ಇದನ್ನು ಓದಿ ಸ್ವಲ್ಪ ನಾಚಿಕೊಂಡೆ.

ಪ್ಲೇಟನ್ನು ಎಲ್ಲಿ ಅಂಟಿಸಬೇಕು ಅನ್ನೋದಕ್ಕೂ ನಿಯಮ ಇದೆ. ಆಪರೇಷನ್ ಜಾಗಕ್ಕೆ ಹತ್ತಿರ, ಮಾಂಸಖಂಡ ದಪ್ಪಗಿರುವ ಕಡೆ. ಯಾಕೆಂದರೆ ಅಲ್ಲಿ ರಕ್ತ ಚೆನ್ನಾಗಿ ಹರಿದು ಹುಟ್ಟಿದ ಚೂರು ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ, ಗಾಡಿಯ ರೇಡಿಯೇಟರ್ ಥರ. ಮೂಳೆ ಎದ್ದಿರುವ ಕಡೆ, ಹಳೆಯ ಗಾಯದ ಕಲೆ, ಕೂದಲು ದಟ್ಟವಾಗಿರುವ ಕಡೆ, ಒಳಗೆ ಲೋಹದ ರಾಡ್ ಇರುವ ಕಡೆ ಬೇಡ. ಪೇಸ್‌ಮೇಕರ್ ಇರುವವರಲ್ಲಿ ಕರೆಂಟಿನ ದಾರಿ ಎದೆಯ ಮೇಲೆ ಹಾಯದಂತೆ ಪ್ಲೇಟ್ ಜಾಗ ಆರಿಸುತ್ತಾರೆ, ಇಲ್ಲದಿದ್ದರೆ ಪೇಸ್‌ಮೇಕರ್ ಈ ಸಿಗ್ನಲನ್ನೇ ಹೃದಯದ ಬಡಿತ ಅಂದುಕೊಂಡು ಮೋಸಹೋಗಬಹುದು.

ಚಿಮಟದ ಉಪಾಯ

ಇಷ್ಟೆಲ್ಲಾ ತಲೆನೋವು ಬರುವುದು ಕರೆಂಟ್ ದೇಹದಲ್ಲಿ ದೂರ ಪ್ರಯಾಣ ಮಾಡುವುದರಿಂದ. ಆ ಪ್ರಯಾಣವನ್ನೇ ತಪ್ಪಿಸಿದರೆ? ಅದೇ ಬೈಪೋಲಾರ್. ಚಿಮಟದಂಥ ಸಾಧನದ ಒಂದು ಕಾಲು ಒಂದು ಎಲೆಕ್ಟ್ರೋಡ್, ಇನ್ನೊಂದು ಕಾಲು ಇನ್ನೊಂದು. ಮಧ್ಯೆ ಹಿಡಿದ ಚೂರು ಮಾಂಸದಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ. ತೊಡೆಗೆ ಪ್ಲೇಟ್ ಬೇಕಿಲ್ಲ, ವೋಲ್ಟೇಜೂ ಕಡಿಮೆ ಸಾಕು. ಮೆದುಳು, ನರಗಳ ಹತ್ತಿರದ ಆಪರೇಷನ್‌ಗಳಲ್ಲಿ ಇದೇ ಬೇಕು. ಅಮೆರಿಕದ ಲೆನರ್ಡ್ ಮ್ಯಾಲಿಸ್ ಎಂಬ ನರಶಸ್ತ್ರಚಿಕಿತ್ಸಕರು 1950ರ ದಶಕದಲ್ಲಿ ಇದನ್ನು ಚೆನ್ನಾಗಿ ಬೆಳೆಸಿದರು. ಹಾಗಾದರೆ ಎಲ್ಲದಕ್ಕೂ ಇದನ್ನೇ ಬಳಸಬಹುದಲ್ಲ ಅಂತ ನಾನೂ ಕೇಳಿದೆ. ಚಿಮಟದಲ್ಲಿ ಹಿಡಿದು ರಕ್ತ ನಿಲ್ಲಿಸುವುದು ಸುಲಭ, ಪೆನ್ಸಿಲ್ಲಿನ ಹಾಗೆ ಸಲೀಸಾಗಿ ಗೆರೆ ಎಳೆದು ಕತ್ತರಿಸುವುದು ಕಷ್ಟ.

ಹೊಟ್ಟೆಯೊಳಗೊಂದು ಕೆಪ್ಯಾಸಿಟರ್

ಅಮ್ಮನದು ಲ್ಯಾಪ್ರೋಸ್ಕೋಪಿ. ಹೊಟ್ಟೆಯಲ್ಲಿ ಸಣ್ಣ ತೂತು, ಅದರಲ್ಲಿ ಒಂದು ಕೊಳವೆ, ಕೊಳವೆಯೊಳಗೆ ಉದ್ದನೆಯ ಸಾಧನ, ತುದಿಯಲ್ಲಿ ಕೊಕ್ಕೆಯಂಥ ಎಲೆಕ್ಟ್ರೋಡ್. ಸಾಧನದ ಮೈಗೆ ಇನ್ಸುಲೇಷನ್ ಇದೆ. ಈಗ ಎಲೆಕ್ಟ್ರಿಕಲ್ ಕಣ್ಣಿನಿಂದ ನೋಡಿ: ಒಳಗೆ ಒಂದು ಕಂಡಕ್ಟರ್, ಸುತ್ತ ಇನ್ಸುಲೇಷನ್, ಅದರ ಸುತ್ತ ಲೋಹದ ಕೊಳವೆ. ಇದೇನು? ಸಿಲಿಂಡ್ರಿಕಲ್ ಕೆಪ್ಯಾಸಿಟರ್! ಪಿಯುಸಿಯಲ್ಲಿ ಡಿರೈವ್ ಮಾಡಿದ್ದೆವಲ್ಲ, ಅದೇ.

ಅದರ ಬೆಲೆ 50 ಪಿಕೊಫ್ಯಾರಡ್ ಅಂತ ಇಟ್ಟುಕೊಳ್ಳಿ. 50 ಹರ್ಟ್ಜ್‌ನಲ್ಲಿ ಇದರ ರಿಯಾಕ್ಟೆನ್ಸ್ 6 ಕೋಟಿ ಓಮ್‌ಗಿಂತ ಹೆಚ್ಚು, ಅಂದರೆ ದಾರಿಯೇ ಇಲ್ಲ. 400 ಕಿಲೋಹರ್ಟ್ಜ್‌ನಲ್ಲಿ? ಸುಮಾರು 8000 ಓಮ್. ಅಲ್ಲಿ 1000 ವೋಲ್ಟ್ ಇದ್ದರೆ 125 ಮಿಲಿಆಂಪಿಯರ್ ಕರೆಂಟ್ ಇನ್ಸುಲೇಷನ್ ದಾಟಿ ಕೊಳವೆಗೆ ಬಂದುಬಿಡತ್ತೆ, ಇನ್ಸುಲೇಷನ್ ಎಲ್ಲೂ ಹರಿಯದಿದ್ದರೂ.

ಪೂರ್ತಿ ಲೋಹದ ಕೊಳವೆ ಇದ್ದರೆ ಆ ಕರೆಂಟ್ ಹೊಟ್ಟೆಯ ಗೋಡೆಗೆ ಅಗಲವಾಗಿ ಹರಡಿ ಪ್ಲೇಟಿಗೆ ಹೋಗುತ್ತದೆ, ತೊಂದರೆ ಇಲ್ಲ. ಆದರೆ ಲೋಹದ ಕೊಳವೆಯನ್ನು ಪ್ಲಾಸ್ಟಿಕ್ ಹಿಡಿಕೆಯಲ್ಲಿ ಕೂರಿಸಿದರೆ ಅದು ಗೋಡೆಗೆ ಹರಡುವ ದಾರಿ ಮುಚ್ಚಿತು. ಕೊಳವೆಗೆ ಕರುಳು ತಾಗಿದರೆ ಕರೆಂಟ್ ಅಲ್ಲಿಂದಲೇ ಇಳಿಯಬಹುದು, ಅದೂ ಕ್ಯಾಮೆರಾಗೆ ಕಾಣದ ಕಡೆ. ಅದಕ್ಕೇ ಅರ್ಧ ಲೋಹ, ಅರ್ಧ ಪ್ಲಾಸ್ಟಿಕ್ ಬೆರಕೆ ಬೇಡ ಅಂತಾರೆ. ತುದಿ ಗಾಳಿಯಲ್ಲಿರುವಾಗ ಪೆಡಲ್ ಒತ್ತಬೇಡಿ ಅಂತಲೂ ಹೇಳ್ತಾರೆ, ಆಗ ವೋಲ್ಟೇಜ್ ಅತಿ ಹೆಚ್ಚು. ಸಾಧ್ಯವಿದ್ದಲ್ಲಿ ಕೋಆಗ್ ಬದಲು ಕಡಿಮೆ ವೋಲ್ಟೇಜಿನ ಕಟ್ ಬಳಸಿ ಅನ್ನೋದೂ ಇದೇ ಕಾರಣಕ್ಕೆ.

ಇನ್ನೊಂದು ಅಪಾಯ ಬೆಂಕಿ. ಕಿಡಿ ಇದೆ, ಮೂಗಿನ ಹತ್ತಿರ ಆಕ್ಸಿಜನ್ ಇದೆ, ಚರ್ಮಕ್ಕೆ ಒರೆಸಿದ ಸ್ಪಿರಿಟ್ ಇನ್ನೂ ಆರಿಲ್ಲ ಅಂದರೆ ಮೂರೂ ಕೂಡಿದ ಹಾಗೆ. ಸ್ಪಿರಿಟ್ ಪೂರ್ತಿ ಆರುವ ತನಕ ಕಾಯುವುದು ಅದಕ್ಕೇ. ಇದರಿಂದ ಏಳುವ ಹೊಗೆಯೂ ಉಸಿರಾಡಲು ಒಳ್ಳೆಯದಲ್ಲ, ಅದನ್ನು ಸಕ್ಷನ್‌ನಿಂದ ಎಳೆದುಹಾಕಬೇಕು.

ನಿಮಗೊಂದು ಲೆಕ್ಕ

ಪ್ಲೇಟಿನ 100 ಚದರ ಸೆಂಟಿಮೀಟರ್‌ನಲ್ಲಿ ಕಾಲು ಭಾಗ ಮಾತ್ರ ಚರ್ಮಕ್ಕೆ ಅಂಟಿದೆ, ಕರೆಂಟ್ ಅಷ್ಟೇ ಇದೆ. ಅಂಟಿದ ಜಾಗದ ಪ್ರತಿ ಚೂರಲ್ಲೂ ಹುಟ್ಟುವ ಬಿಸಿ ಎಷ್ಟು ಪಟ್ಟು ಹೆಚ್ಚಾಗುತ್ತದೆ? 4 ಅಂದರೆ ಮತ್ತೆ ಮೇಲಿನಿಂದ ಓದಿ. 16 ಅಂದರೆ ನಿಮಗೆ ವಿಷಯ ಅರ್ಥ ಆಗಿದೆ.

ಕೊನೆಯದಾಗಿ

ಆಪರೇಷನ್ ಆದ ಮರುದಿನ ಅಮ್ಮ ತೊಡೆ ತೋರಿಸಿ, "ಇಲ್ಲೇನೋ ಚೌಕಾಕಾರ ಅಂಟು ಅಂಟಾಗಿದೆ, ಹೊಟ್ಟೆ ಆಪರೇಷನ್‌ಗೆ ಇಲ್ಲಿ ಏನು ಮಾಡಿದರು?" ಅಂತ ಕೇಳಿದ್ದರು. ಬ್ಯಾಂಡೇಜಿನ ಗುರುತು ಇರಬೇಕು ಅಂದಿದ್ದೆ. ಎರಡನೇ ತಪ್ಪು ಉತ್ತರ.

ಹೋದ ವಾರ ಊರಿಗೆ ಹೋದಾಗ ಸರಿಯಾದ ಉತ್ತರ ಹೇಳಿದೆ. ಕರೆಂಟ್ ಚಿಕ್ಕದಿರಲಿಲ್ಲಮ್ಮ, ದೊಡ್ಡದೇ ಇತ್ತು, ಅದು ಹೊಟ್ಟೆಯಿಂದ ಬಂದು ನಿನ್ನ ತೊಡೆಯಿಂದ ಹೊರಗೆ ಹೋಯ್ತು, ಆ ಚೌಕ ಅದರ ಬಾಗಿಲು, ಬಾಗಿಲು ಅಗಲವಾಗಿತ್ತು, ಅದಕ್ಕೇ ಸುಡಲಿಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದರೆ ಆ ಪ್ಲೇಟನ್ನು ಸರಿಯಾಗಿ ಅಂಟಿಸಿದ್ದು ಯಾರು?" ಅಂತ ಕೇಳಿದರು.

ಅದೇ ಸಿಸ್ಟರ್ ಇರಬೇಕು ಅಂದೆ.

"ಅವರ ಹೆಸರೂ ಕೇಳಲಿಲ್ಲ ನೋಡು ನಾವು" ಅಂದರು ಅಮ್ಮ.